ಇದ್ದವಳ ಹೆಸರು

"ಕೂಸಿಗೆ ಅವ್ವನ ಹೆಸ್ರೇ ಇಡಾನ ಅಂತ ಮಾಡೀನಿ" ಎಂದು ರವಿಚಂದ್ರ ಉಣ್ಣುತ್ತಾ ಹೇಳಿದಾಗ ಮೀನಾಕ್ಷಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಹಾಗೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಸೀದು ವಾಸನೆ ಬಂದಮೇಲೆಯೇ ಅವಳಿಗೆ ಅದರ ನೆನಪಾದದ್ದು. ಮಗ ತನ್ನ ಮಗಳಿಗೆ ತಾಯಿಯ ಹೆಸರಿಡುತ್ತೇನೆ ಅಂದರೆ ಯಾವ ತಾಯಿಗೆ ಹಿಗ್ಗಾಗುವುದಿಲ್ಲ ಹೇಳಿ. ಅವಳು ಸೀದ ರೊಟ್ಟಿಯನ್ನು ತನ್ನ ಪಾಲಿಗೆಂದು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಹಣೆ ಒರೆಸಿಕೊಂಡಳು.

"ಹಂಗೆಲ್ಲ ಇಡಬಾರ್ದಪ್ಪ. ನಾನಿನ್ನೂ ಗಟ್ಟಿ ಅದೀನಿ" ಎಂದಳು ನಾಚಿಕೊಂಡು. "ಇದ್ದೋರ ಹೆಸ್ರು ಇಟ್ರೆ ಆಯುಷ್ಯ ಕಮ್ಮಿ ಅಂತಾರೆ ನಮ್ಮನ್ಯಾಗೆ. ನಾನು ಹೋದ್‌ಮ್ಯಾಲೆ ಬೇಕಾರೆ ಇನ್ನೊಂದು ಕೂಸಿಗೆ ಇಡ್ರಿ."

ರವಿಚಂದ್ರನ ಕಣ್ಣು ನಡುಮನೆಯ ಗೋಡೆಯ ಕಡೆ ಹೋಯಿತು. ಅಲ್ಲಿ ಗಂಧದ ಹಾರ ಹಾಕಿದ ಫೋಟೋ ಇತ್ತು. ಅದರಲ್ಲಿ ಒಬ್ಬ ಎಳೆಯ ಹೆಣ್ಣುಮಗಳು ಸ್ಟುಡಿಯೋದ ಕುರ್ಚಿಯ ಅಂಚಿಗೆ ಕೂತು ನೇರಕ್ಕೆ ನೋಡುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ಮೀನಾಕ್ಷಿ ಎಂದು ಬರೆದಿತ್ತು.

"ನಿನ್ ಹೆಸ್ರಲ್ಲಲೇ" ಎಂದ ಅವಳ ಗಂಡ ಮಾಲತೇಶಪ್ಪ, ಬದನೆಕಾಯಿ ಪಲ್ಯಕ್ಕೆ ರೊಟ್ಟಿ ಅದ್ದುತ್ತಾ. "ಆಕಿ ಹೆಸ್ರು. ಹೆತ್ತಾಕಿದು. ಅದು ನಿನ್ ಹೆಸ್ರು ಹೆಂಗಾಗ್ತೈತೆ?"

ಬಾಗಿಲ ಪಕ್ಕ ಕೂಸಿಗೆ ಹಾಲು ಕೊಡುತ್ತಿದ್ದ ಸೊಸೆ ಸಹನಾ ತಲೆ ಎತ್ತಿದಳು. "ಹಂಗಾರೆ ಅತ್ತೆ ಹೆಸ್ರು ಏನು ಮಾವ?"

ಮಾಲತೇಶಪ್ಪ ತುತ್ತು ಅಗಿದ. ನೀರು ಕುಡಿದ. ಮತ್ತೆ ಅಗಿದ.

"ಏನೋ ಒಂದಿತ್ತಪ್ಪ. ಯಾವ್ದೋ ದೇವ್ರುದ್ದು, ಹಳೇ ಕಾಲದ್ದು. ಪಲ್ಯ ಹಾಕು ಇನ್ನೊಂದ್ ಸ್ವಲ್ಪ."

ಮೀನಾಕ್ಷಮ್ಮ ಪಲ್ಯ ಹಾಕಿದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಆ ಮನೆಯಲ್ಲಿ ಅವಳು ಯಾವತ್ತೂ ಎಲ್ಲರದಾದ ಮೇಲೆ ಒಬ್ಬಳೇ ಉಣ್ಣುವವಳು.

ಈ ಹೆಸರಿನ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ಗೋಜಲಾಗುತ್ತದೆ. ಅವಳಿಗೆ ಹುಟ್ಟಿದಾಗ ಇಟ್ಟ ಹೆಸರು ಉಡಚಮ್ಮ. ಹರಿಹರದ ಹೊಳೆಗೆ ಹತ್ತಿರದ ಓಣಿಯಲ್ಲಿ ಅವರ ಮನೆ. ಅಣ್ಣನಾದಮೇಲೆ ಎರಡು ಕೂಸುಗಳನ್ನು ಕಳಕೊಂಡಿದ್ದ ಅವಳ ತಾಯಿ, ಇದೊಂದು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ದೇವಿ ಉಡಚಮ್ಮನಿಗೆ ಹರಕೆ ಹೊತ್ತಿದ್ದಳು. ಕೂಸು ಉಳಿಯಿತು, ಹೆಸರೂ ಆಯಿತು. ಆ ಹೆಸರಿನಲ್ಲೇ ಅವಳು ಏಳನೇ ಇಯತ್ತೆ ಓದಿದಳು, ಹೊಳೆಯಲ್ಲಿ ಬಟ್ಟೆ ಒಗೆದಳು, ಮೈನೆರೆದಳು.

ದಾವಣಗೆರೆ ವಿನೋಬನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮಾಲತೇಶಪ್ಪನ ಮೊದಲ ಹೆಂಡತಿ ಮೀನಾಕ್ಷಿ, ಮಗ ಹುಟ್ಟಿದ ಮೇಲೆ ಬಾಣಂತಿ ಜ್ವರದಲ್ಲಿ ತೀರಿಹೋಗಿದ್ದಳು. ಕೂಸನ್ನು ನೋಡಿಕೊಳ್ಳಲು ಒಬ್ಬಳು ಬೇಕಾಗಿತ್ತು. ಉಡಚಮ್ಮನನ್ನು ಕೇಳಿಕೊಂಡು ಬಂದರು. ಮದುವೆಯ ಬೆಳಿಗ್ಗೆ ಗಂಡಿನ ತಾಯಿ ಅಕ್ಕಿ ಹರಡಿದ ತಟ್ಟೆಯನ್ನು ಮಗನ ಮುಂದಿಟ್ಟು, ಉಂಗುರದಲ್ಲಿ ಮೀನಾಕ್ಷಿ ಅಂತ ಬರಿ ಎಂದಳು. ಬರೆದ. "ಇನ್ನು ನೀನೇ ಮೀನಾಕ್ಷಿ. ಮನ್ಯಾಗೆ ಆ ಹೆಸ್ರು ಕರೆಯೋದು ನಿಲ್ಲಬಾರ್ದು. ತಾಯಿ ಹೋದ್ಲು ಅಂತ ಬುದ್ಧಿ ಬರೋತನಕ ಕೂಸಿಗೂ ಗೊತ್ತಾಗಬಾರ್ದು, ಹೋದಾಕಿಗೂ ಹೊಟ್ಟೆಕಿಚ್ಚು ಆಗಬಾರ್ದು" ಎಂದು ಅತ್ತೆ ಸೊಸೆಯ ಕೈ ಹಿಡಿದು ಹೇಳಿದಳು. ಸವತಿಯ ಲೆಕ್ಕಕ್ಕೆ ಪುಟ್ಟದೊಂದು ಬಂಗಾರದ ಬಿಲ್ಲೆಯನ್ನು ತಾಳಿಯ ಜೊತೆಗೇ ಪೋಣಿಸಿದರು. ಹದಿನೆಂಟರ ಹುಡುಗಿ ಹೂಂ ಅಂದಳು. ಹೆಸರು ಕೊಟ್ಟುಬಿಡುವುದು ಅಷ್ಟು ಸುಲಭವಾಗಿತ್ತು, ತವರಿನ ಹಳೇ ಲಂಗ ಬಿಟ್ಟುಬಂದ ಹಾಗೆ.

ಅವಳು ರವಿಚಂದ್ರನ ಹೇಲುಚ್ಚೆ ಬಳಿದಳು, ಹಲ್ಲು ಬರುವಾಗ ಹೆಗಲ ಮೇಲೆ ಹಾಕಿಕೊಂಡು ಗಿರಣಿಯ ಅಂಗಳದಲ್ಲಿ ತಿರುಗಿದಳು. ಆಮೇಲೆ ಅವಳಿಗೂ ಒಬ್ಬಳು ಮಗಳಾದಳು, ರೇವತಿ, ಈಗ ಹರಿಹರಕ್ಕೇ ಕೊಟ್ಟಿರುವುದು. ಪ್ರತಿವರ್ಷ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮೊದಲ ಮೀನಾಕ್ಷಿಗೊಂದು ಸೀರೆ ತರುತ್ತಾರೆ. ಫೋಟೋದ ಮುಂದಿಟ್ಟು ಪೂಜೆ ಮಾಡಿ, ಅದೇ ಸೀರೆಯನ್ನು ಎರಡನೇ ಮೀನಾಕ್ಷಿಗೆ ಉಡಿಸುತ್ತಾರೆ. ಸತ್ತವಳಿಗೆ ತಂದ ಸೀರೆಗಳನ್ನು ಉಟ್ಟುಟ್ಟೇ ಅವಳ ಕೂದಲು ಬೆಳ್ಳಗಾಯಿತು. ಅವಳಿಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೆಸರು ತನ್ನದೇ ಅಂದುಕೊಂಡಿದ್ದಳು. ಈಗ ಗಂಡ ತುತ್ತಿನ ನಡುವೆ, ಅದು ನಿನ್ನದಲ್ಲ ಅಂದುಬಿಟ್ಟ.

ಸಹನಾಳ ತವರು ಸರಸ್ವತಿ ನಗರದಲ್ಲಿ ಅಜ್ಜಿ ತೀರಿಕೊಂಡಿದ್ದರಿಂದ ಅಲ್ಲಿ ತೊಟ್ಟಿಲ ಕಾರ್ಯ ಆಗಿರಲಿಲ್ಲ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಮೇಲೆ ಇಲ್ಲೇ ಹೆಸರಿಡುವುದು ಎಂದಾಗಿತ್ತು. ಒಂದು ಮಧ್ಯಾಹ್ನ ಅವಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೊಬೈಲ್ ನೋಡುತ್ತಾ ಅತ್ತೆಯನ್ನು ಕರೆದಳು. ಮೀನಾಕ್ಷಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದಳು. ಗಿರಣಿಗೆ ಖಾರ ಕುಟ್ಟಿಸಲು ಬಂದ ಮೆಣಸಿನಕಾಯಿ, ತೊಟ್ಟು ತೆಗೆದುಕೊಟ್ಟರೆ ಕೂಲಿ ಬೇರೆ.

"ಅತ್ತೆ, ಮೀನಾಕ್ಷಿ ಅಂದ್ರೆ ಏನು ಗೊತ್ತೇನ್ರಿ? ಮೀನಿನಂಥ ಕಣ್ಣೋಳು ಅಂತ. ನಾನು ಬರೀ ಚಂದದ ಕಣ್ಣಿಗೆ ಹಂಗಂತಾರೆ ಅನ್ಕೊಂಡಿದ್ದೆ. ಮಧುರೈ ದೇವಿದು ಇದು. ಮೀನು ಕಣ್ಣು ಮುಚ್ಚಲ್ವಂತೆ. ಅದು ಮೊಟ್ಟೆಗೆ ಕಾವು ಕೊಡಲ್ಲ, ಬರೀ ನೋಡ್ತಾ ಇದ್ರೆ ಸಾಕು, ಮರಿ ಆಗ್ತವೆ ಅಂತ ನಂಬಿಕೆ. ದೇವಿನೂ ಹಂಗೇ, ನೋಟದಾಗೇ ಮಕ್ಕಳನ್ನ ಸಾಕ್ತಾಳೆ ಅಂತ. ಎಷ್ಟು ಚೆನ್ನಾಗೈತೆ ಅಲ್ವಾ? ಈಗೆಲ್ಲ ಹಳೇ ಹೆಸರೇ ಫ್ಯಾಷನ್ನು."

"ಚೆನ್ನಾಗೈತೆ" ಎಂದಳು ಮೀನಾಕ್ಷಮ್ಮ.

ಅವಳು ಗೋಡೆಯ ಕಡೆ ನೋಡಿದಳು. ಅರ್ಥ ಸರಿಯಾಗಿಯೇ ಇತ್ತು. ಫೋಟೋದವಳು ಇಷ್ಟು ವರ್ಷ ರೆಪ್ಪೆ ಬಡಿಯದೆ ಬರೀ ನೋಡಿಕೊಂಡೇ ಇದ್ದಳು, ಮಗ ಬೆಳೆದ. ತಾನು ಮಾತ್ರ ಎರಡೂ ಕೈಯಲ್ಲಿ ಬಳಿದು, ತೊಳೆದು, ಉಣ್ಣಿಸಿ ಮಾಡಬೇಕಾಯಿತು. ಹಾಗೆ ನೋಡಿದರೆ ಆ ಹೆಸರು ಆಕೆಯದ್ದೇ ಎಂದುಕೊಂಡಳು. ಮೆಣಸಿನಕಾಯಿ ಘಾಟಿಗೆ ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ.

"ನಿಮ್ಮ ಹೆಸ್ರು ಹೇಳ್ರಿ ಅತ್ತೆ, ಅದರ ಅರ್ಥನೂ ನೋಡಾನ."

"ನಿಮ್ಮ ಮಾವನ್ನ ಕೇಳು."

"ಅವ್ರಿಗೆ ನೆನಪಿಲ್ವಲ್ಲ."

"ನೆನಪು ಮಾಡ್ಕಳ್ಲಿ. ಗಿರಣ್ಯಾಗೆ ಕುಂತು ಏನು ಮಾಡ್ತಾರೆ, ಬೆಲ್ಟು ತಿರುಗೋದು ನೋಡ್ತಾರೆ."

ಅಲ್ಲಿಗೆ ಮನೆಯಲ್ಲಿ ಹೊಸ ಹಟವೊಂದು ಶುರುವಾಯಿತು. ಮೀನಾಕ್ಷಮ್ಮ ಬಾಯಿ ಬಿಡುವುದಿಲ್ಲ ಎಂದು ಕೂತಳು. ಅವಳಿಗೆ ಬೇಕಾಗಿದ್ದದ್ದು ಬಂಗಾರವಲ್ಲ, ಬೆಳ್ಳಿಯಲ್ಲ. ಕಟ್ಟಿಕೊಂಡ ಗಂಡ ಒಂದು ಸಲ ತಾನಾಗಿ, ಯಾರೂ ಹೇಳಿಕೊಡದೆ, ಆ ಹೆಸರನ್ನು ಬಾಯಲ್ಲಿ ಆಡಬೇಕು, ಅಷ್ಟೇ. ಅದೇನು ದೊಡ್ಡ ಆಸೆಯಾ ಎಂದು ನೀವು ಕೇಳಬಹುದು. ಅವಳಿಗೆ ದೊಡ್ಡದಾಗಿತ್ತು. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೊಡುವಾಗ ಗಂಡನ ಮುಖ ನೋಡುವಳು, ಇವತ್ತು ಹೊಳೆದಿರಬಹುದೇ ಎಂದು. ಮಾಲತೇಶಪ್ಪ ಉಪ್ಪಿಟ್ಟು ತಿಂದು ಎದ್ದುಹೋಗುವನು. ಗಿರಣಿಯಿಂದ "ಮೀನಾಕ್ಷೀ, ಚಾ ಕಳ್ಸು" ಎಂದು ಕೂಗುವನು. ಅವಳು ಚಾ ಕಳಿಸುವಳು.

"ಮಾದ್ಲೀನೋ ಶಾವ್ಗೀನೋ, ನಿಮಗೆ ಬೇಕಾದ್ದು ಮಾಡ್ತೀನಿ ನೆನಪಾದ ದಿನ" ಎಂದು ಒಮ್ಮೆ ನಗುತ್ತಲೇ ಹೇಳಿದಳು.

"ನಿಂಗೆ ಬ್ಯಾರೆ ಕೆಲಸಿಲ್ಲ" ಎಂದ ಅವನು.

ತೊಟ್ಟಿಲ ಕಾರ್ಯದ ದಿನ ಗೊತ್ತಾಯಿತು. ಪಿ.ಬಿ. ರಸ್ತೆಯ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುವ ರವಿಚಂದ್ರ, ಅಲ್ಲೇ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಆಮಂತ್ರಣ ಮಾಡಿಸಿದ. ಈಗ ಅಚ್ಚು ಹಾಕಿಸುವವರು ಕಡಿಮೆ, ಮೊಬೈಲಿಗೆ ಕಳಿಸಿದರಾಯಿತು. ಮೇಲ್ಗಡೆ, ದಿವಂಗತ ಮೀನಾಕ್ಷಮ್ಮನವರ ಆಶೀರ್ವಾದಗಳೊಂದಿಗೆ. ಕೆಳಗೆ, ತಮ್ಮ ಆಗಮನ ಬಯಸುವ ಶ್ರೀಮತಿ ಮೀನಾಕ್ಷಮ್ಮ ಮತ್ತು ಶ್ರೀ ಮಾಲತೇಶಪ್ಪ. ಕಂಪ್ಯೂಟರಿನವನು ತಲೆ ಕೆರೆದುಕೊಂಡಿರಬೇಕು. ಒಬ್ಬಾಕೆ ಮೇಲೆ ಸತ್ತು ಕೆಳಗೆ ಬದುಕಿರುವುದು ಹೇಗೆ? ಎಲ್ಲೋ ಕಣ್ತಪ್ಪಾಗಿದೆ ಎಂದು ಅವನೇ ಜಾಣತನ ಮಾಡಿ ಕೆಳಗಿನ ಹೆಸರು ತೆಗೆದುಹಾಕಿದ. ರವಿಚಂದ್ರ ಕೆಲಸದ ಗಡಿಬಿಡಿಯಲ್ಲಿ ಸರಿಯಾಗಿ ನೋಡದೆ ಎಲ್ಲರಿಗೂ ಕಳಿಸಿಬಿಟ್ಟ.

ಮರುದಿನ ಗಿರಣಿಯ ಫೋನು ಬಡಿದುಕೊಂಡಾಗ ಮಾಲತೇಶಪ್ಪ ಜೋಳದ ಚೀಲ ಸುರಿಯುತ್ತಿದ್ದ. ಮೀನಾಕ್ಷಮ್ಮ ಎತ್ತಿಕೊಂಡಳು.

"ನಾನು ಹದಡಿ ವಾಮದೇವಪ್ಪ" ಎಂದಿತು ಆ ಕಡೆಯ ದನಿ. ವರ್ಷವರ್ಷವೂ ಗಿರಣಿಗೆ ಮೆಣಸಿನಕಾಯಿ ತರುವ ರೈತ. "ಕಾರ್ಡು ನೋಡ್ದೆ ಕಣಮ್ಮ, ಜೀವ ಝಲ್ ಅಂತು. ಯಾವಾಗ ಹೋದ್ರು ಮೀನಾಕ್ಷಮ್ಮ? ಒಂದು ಮಾತು ತಿಳಿಸಬಾರ್ದಾ? ನಾ ಬಂದಾಗೆಲ್ಲ ಮಜ್ಜಿಗಿ ಕೊಟ್ಟು ಮಾತಾಡ್ಸೋರು. ಬಾಳ ಒಳ್ಳೆ ಹೆಣ್ಮಗಳು. ನೀವ್ಯಾರು, ಮಗಳಾ?"

ಮೀನಾಕ್ಷಮ್ಮ ಫೋನು ಹಿಡಿದುಕೊಂಡೇ ನಿಂತಳು. ಗಿರಣಿ ಗುಡುಗುಡು ಅನ್ನುತ್ತಿತ್ತು. ನಾನೇ ಅಂತ ಹೇಳುವುದಕ್ಕೆ ಬಾಯಿ ತೆರೆದಳು, ಆದರೆ ಬಂದದ್ದು ಬೇರೆ ಮಾತು.

"ಆಕಿ ಹೋಗಿ ಬಾಳ ವರ್ಷ ಆತ್ರಿ."

"ಹಂಗಾ? ಹ್ವಾದ ಸುಗ್ಗ್ಯಾಗೆ ನೋಡಿದಂಗಿತ್ತಲ್ಲ ನಾನು."

"ಅದು ಬ್ಯಾರೆ ಯಾರೋ ಇರ್ಬೇಕ್ರಿ" ಎಂದು ಫೋನು ಇಟ್ಟಳು. ಯಾರದು ಎಂದು ಗಂಡ ಕೇಳಿದ. ಯಾರೋ ತಪ್ಪಿ ಮಾಡಿದ್ರು ಎಂದು ಒಳಗೆ ಹೋದಳು.

ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಸಂಜೆಯೊಳಗೆ ಇನ್ನೂ ಮೂರ್ನಾಲ್ಕು ಕಡೆಯಿಂದ ಫೋನು ಬಂತು. ಆಚೆ ಓಣಿಯ ಮಾರೆಮ್ಮ ಸೆರಗು ಬಾಯಿಗಿಟ್ಟುಕೊಂಡೇ ಬಂದವಳು, ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಮೀನಾಕ್ಷಮ್ಮನನ್ನು ನೋಡಿ ಅಳುವುದೋ ನಗುವುದೋ ತಿಳಿಯದೆ ಒಂದು ಲೋಟ ನೀರು ಕೇಳಿ ಕುಡಿದು ಹೋದಳು. ರಾತ್ರಿ ಊಟಕ್ಕೆ ಕೂತಾಗ ರವಿಚಂದ್ರ ತಲೆ ಚಚ್ಚಿಕೊಂಡ.

"ಆ ಪುಣ್ಯಾತ್ಮ ಮಾಡಿದ ಕೆಲ್ಸ ನೋಡವ್ವ. ನಾಳೆ ತಿದ್ದಿಸಿ ಮತ್ತೆ ಕಳಿಸ್ತೀನಿ ಬಿಡು."

"ಏನಂತ ತಿದ್ದಿಸ್ತಿ?"

"ಕೆಳಗೆ ನಿನ್ ಹೆಸ್ರು ಹಾಕ್ಸಿ."

"ಅದೇ, ಏನಂತ ಹಾಕಿಸ್ತಿ?"

ರವಿಚಂದ್ರ ತಂದೆಯ ಮುಖ ನೋಡಿದ. ಮಾಲತೇಶಪ್ಪ ಸಾರು ಕಲಸುತ್ತಿದ್ದ. "ಮೀನಾಕ್ಷಮ್ಮ ಅಂತನೇ ಹಾಕ್ಸು. ಹಂಗೇ ಅಲ್ವಾ ಎಲ್ರಿಗೂ ಗೊತ್ತಿರೋದು."

"ಅದನ್ನ ಕೂಸಿಗೆ ಕೊಟ್ಟಾತಲ್ಲ" ಎಂದಳು ಮೀನಾಕ್ಷಮ್ಮ. ಸೌಟು ಕೈಯಲ್ಲೇ ಇತ್ತು, ದನಿ ಏರಿರಲಿಲ್ಲ. "ನನ್ನದಲ್ಲ ಅಂತ ನೀವೇ ಅಂದ್ರಿ. ಗೋಡೆ ಮ್ಯಾಗಿನಾಕಿಗೂ ಅದೇ, ತೊಟ್ಲಾಗಿನಾಕಿಗೂ ಅದೇ. ನಂಗೇನು ಉಳೀತು? ನನ್ನದನ್ನ ಎಲ್ಲಿಟ್ರಿ? ಇಸ್ಕಂಡಿದ್ರಲ್ಲ, ಎಲ್ಲೈತೆ ಕೊಡ್ರಿ."

"ಲೇ, ನಿನ್ ಹೆಸ್ರು ನೀನೇ ಹೇಳಬಾರ್ದಾ? ಬಾಯಾಗೇನು ಇಟ್ಕಂಡಿ?"

"ನೀವು ಹೇಳ್ರಿ. ಲಗ್ನಪತ್ರಿಕ್ಯಾಗೆ ನಿಮ್ಮ ಹೆಸರಿನ ಪಕ್ಕನೇ ಇತ್ತು."

ಮಾಲತೇಶಪ್ಪ ಕಣ್ಣು ಕಿರಿದು ಮಾಡಿಕೊಂಡ. "ಗಂಗಮ್ಮ" ಎಂದ. ಹೆಂಡತಿಯ ಮುಖ ನೋಡಿ, "ದುರ್ಗಮ್ಮ?" ಎಂದ. "ತಡಿ, ತಡಿ. ಹುಲಿಗೆಮ್ಮ."

ಸಹನಾಗೆ ನಗು ಬಂದುಬಿಟ್ಟಿತು. ಅತ್ತೆಯ ಕಣ್ಣು ನೋಡಿದವಳೇ ಸುಮ್ಮನಾದಳು. ಮೀನಾಕ್ಷಮ್ಮ ಸೌಟನ್ನು ಪಾತ್ರೆಯಲ್ಲಿಟ್ಟು ಹಿತ್ತಿಲಿಗೆ ಹೋದಳು. ಅಲ್ಲಿ ತೊಳೆಯಲು ಬಿದ್ದಿದ್ದ ಪಾತ್ರೆಗಳ ಮುಂದೆ ಕೂತು ಅತ್ತಳು. ತಿಕ್ಕುವ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸಲಿಲ್ಲ.

ಬೆಳಿಗ್ಗೆ ಅವಳು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಹರಿಹರದ ಬಸ್ಸು ಹತ್ತಿದಳು. ಮಗಳನ್ನು ಕರೆಯುವ ನೆಪ. ಆದರೆ ರೇವತಿಯ ಮನೆಗೆ ಹೋಗುವ ಮೊದಲು ತವರಿನ ಓಣಿಗೆ ಹೋದಳು. ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಅಣ್ಣನೂ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದ. ಉಳಿದವಳು ಅತ್ತಿಗೆ ಕೊಟ್ರವ್ವ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಬಾರೆ ತಂಗಿ. ಏನು ಇದ್ದಕ್ಕಿದ್ದಂಗೆ?"

"ಸುಮ್ನೆ ಅತ್ತಿಗೆ. ಒಂದು ಮಾತು ಕೇಳ್ತೀನಿ. ನನ್ನ ಹೆಸ್ರು ಏನು?"

ಕೊಟ್ರವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಆರಾಮಿದೀಯಾ? ಮೊನ್ನೆ ನಿನ್ ಗಂಡನೂ ಫೋನ್ ಮಾಡಿ ಇದನ್ನೇ ಕೇಳ್ದ. ಯಾರಿಗೂ ಹೇಳಬ್ಯಾಡ್ರಿ ಅಂದ. ನಾನು ಈ ಮನಿಗೆ ಬರೋ ಹೊತ್ತಿಗೆ ನೀನಾಗ್ಲೇ ಮೀನಾಕ್ಷಿ. ನಿಮ್ಮಣ್ಣ ತಂಗಿ ತಂಗಿ ಅಂತಿದ್ದ, ನಾನೂ ಹಂಗೇ ಅಂದೆ. ನಿಮ್ಮವ್ವ ಏನೋ ಒಂದು ಅಂತಿದ್ಲು, ನೆನಪಿಲ್ಲವ್ವ."

ಗಂಡ ಫೋನು ಮಾಡಿದ್ದ ಎಂಬ ಮಾತು ಕೇಳಿ ಮೀನಾಕ್ಷಮ್ಮನ ಸಿಟ್ಟು ಅರ್ಧ ಇಳಿಯಿತು. ಆ ಮೂಗನಂಥ ಮನುಷ್ಯ ಯಾರಿಗೂ ತಿಳಿಯದಂತೆ ಗಿರಣಿಯ ಮೂಲೆಯಲ್ಲಿ ನಿಂತು ಫೋನು ಮಾಡಿರುವುದನ್ನು ನೆನೆದು ನಗುವೂ ಬಂತು. ಆದರೆ ಅದರ ಹಿಂದೆಯೇ ಭಯವಾಯಿತು. ಆ ಹೆಸರು ಗೊತ್ತಿದ್ದವರೆಲ್ಲ ಹೋಗಿಬಿಟ್ಟಿದ್ದರು. ಇಡೀ ಭೂಮಿಯ ಮೇಲೆ ಅದು ಈಗ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ತಾನು ನಾಳೆ ಕಣ್ಣು ಮುಚ್ಚಿದರೆ ಉಡಚಮ್ಮ ಅನ್ನುವವಳು ಹುಟ್ಟೇ ಇರಲಿಲ್ಲ ಎಂದಾಗುತ್ತದಲ್ಲ ಅಂದುಕೊಂಡಳು. ಅತ್ತಿಗೆ ಕೊಟ್ಟ ಚಾ ಕುಡಿದು, ಕೊಟ್ಟ ಅವರೆಕಾಯಿ ಕಟ್ಟಿಸಿಕೊಂಡು ಮಗಳ ಮನೆಗೆ ನಡೆದಳು.

ರೇವತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ರವಿಕೆಗಳ ರಾಶಿ ಪಕ್ಕದಲ್ಲಿತ್ತು. ಕಾಲು ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಯಂತ್ರ ನಿಲ್ಲಿಸಿದಳು.

"ಅವ್ವ, ನಂಗೂ ಗೊತ್ತಿಲ್ವಲ್ಲೇ. ನಾನೂ ಒಂದ್ಸಲನೂ ಕೇಳಿಲ್ಲ. ಏನು ನಿನ್ ಹೆಸ್ರು?"

ಗಂಡನೇ ಹೇಳಲಿ ಎಂದು ಹಿಡಿದಿದ್ದ ಹಟ ಅಲ್ಲಿ ಸಡಿಲಾಯಿತು. "ಉಡಚಮ್ಮ" ಎಂದಳು. ತನ್ನ ದನಿಯಲ್ಲಿ ಅದನ್ನು ಕೇಳಿ ಅವಳಿಗೇ ಮುಜುಗರವಾಯಿತು.

"ಉಡಚಮ್ಮ" ಎಂದಳು ರೇವತಿ. ನಗು ಬಂದರೂ ತಡೆದುಕೊಂಡಳು. "ಉಡಚಮ್ಮ. ಎಷ್ಟು ಹಳೇದು ಕಣವ್ವ." ಮೊಬೈಲಿನಲ್ಲಿ ಅರ್ಥ ಹುಡುಕಿದಳು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಮೀನಾಕ್ಷಿಗೆ ಇದ್ದಷ್ಟು ಪುರಾಣ ಇದಕ್ಕೆ ಇರಲಿಲ್ಲ. ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

"ಅರ್ಥ ಏನಿಲ್ಲ. ನಮ್ಮವ್ವ ಹರಕೆ ಹೊತ್ತಿದ್ಲು, ನಾನು ಉಳಿದೆ. ಅಷ್ಟೇ ಅದರ ಅರ್ಥ."

ರೇವತಿ ತಾಯಿಯ ಪಕ್ಕ ಬಂದು ಕೂತಳು. "ಕೂಸಿನ ಕಿವ್ಯಾಗೆ ಹೆಸ್ರು ಹೇಳೋ ಸೋದರತ್ತೆ ನಾನೇ ಅಲ್ವಾ? ಮೀನಾಕ್ಷಿ ಬದ್ಲು ನಿನ್ ಹೆಸ್ರೇ ಹೇಳಿಬಿಡ್ಲಾ? ಕಿವ್ಯಾಗೆ ಬಿದ್ದ ಮೇಲೆ ಯಾರೇನು ಮಾಡ್ತಾರೆ? ಅಣ್ಣ ಸ್ವಲ್ಪ ಹಾರಾಡ್ತಾನೆ, ಹಾರಾಡ್ಲಿ."

ಮೀನಾಕ್ಷಮ್ಮನ ಮೈ ಬೆಚ್ಚಗಾಯಿತು. ಒಂದು ಗಳಿಗೆ ಆಗಲಿ ಅಂದುಬಿಡೋಣ ಎನಿಸಿತು. ಆಮೇಲೆ ತಲೆ ಅಲ್ಲಾಡಿಸಿದಳು.

"ಬ್ಯಾಡ. ಇದ್ದೋರ ಹೆಸ್ರು ಇಡಬಾರ್ದು. ನಾನಿದೀನಲ್ಲ ಇನ್ನೂ. ಅದು ನಂಗೇ ಬೇಕು."

ರೇವತಿ ಅವತ್ತೇ ಅಣ್ಣನಿಗೆ ಫೋನು ಮಾಡಿ, ಅವ್ವನ ಹೆಸರು ಹೇಳಿ ಜಾಡಿಸಿದಳು. ಎರಡು ದಿನ ಬಿಟ್ಟು ರವಿಚಂದ್ರ ಬೈಕಿನಲ್ಲಿ ಹರಿಹರಕ್ಕೆ ಬಂದ. ಒಳಗೆ ಬಂದವನು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತ.

"ಅವ್ವ, ನಾನು ಬಾಳ ದಡ್ಡ ಕೆಲ್ಸ ಮಾಡ್ದೆ. ಆಕಿ ಹೆಸ್ರು ಇಡಬೇಕು ಅಂತ ಸಣ್ಣೋನಿದ್ದಾಗಿಂದ ಮನಸ್ಸಿತ್ತು. ನಿನ್ನ ಬಿಟ್ಟು ಅಲ್ಲವ್ವ. ಆಕಿ ಮುಖನೂ ನಾನು ನೋಡಿಲ್ಲ. ಏನೂ ಮಾಡಲಿಲ್ಲ ಆಕಿಗೆ, ಇದೊಂದಾರ ಆಗ್ಲಿ ಅಂತ."

"ಇಡಪ್ಪ. ಇಡಬ್ಯಾಡ ಅಂದ್ನಾ ನಾನು? ಹೆತ್ತಾಕಿ ಹೆಸ್ರು ಇಡಬೇಕು."

"ಕಾರ್ಡು ತಿದ್ದಿಸೀನಿ, ಶ್ರೀಮತಿ ಉಡಚಮ್ಮ ಅಂತ. ಅಪ್ಪಂಗೂ ಹೇಳೀನಿ. ಇನ್ಮ್ಯಾಲೆ ನಿನ್ನ ಹೆಸರಿಂದನೇ ಕರೀಬೇಕು ಅಂತ. ಬಾ ಮನಿಗೆ. ನೀನಿಲ್ದೆ ಅಪ್ಪ ಎರಡು ದಿನದಿಂದ ಹೋಟ್ಲು ಇಡ್ಲಿ ತಿಂದು ಹೊಟ್ಟಿ ಕೆಡಿಸ್ಕಂಡಾನೆ."

ಬೈಕಿನ ಹಿಂದೆ ಕೂತು ಬರುವಾಗ ಮೀನಾಕ್ಷಮ್ಮ ಮಗನ ಅಂಗಿ ಹಿಡಿದುಕೊಂಡಿದ್ದಳು. ಗಂಡ ತಾನಾಗಿ ನೆನಪು ಮಾಡಿಕೊಳ್ಳಲಿಲ್ಲ ಎನ್ನುವ ನೋವು ಒಳಗೇ ಇತ್ತು. ಹೇಳಿಕೊಟ್ಟದ್ದನ್ನಾದರೂ ಆಡುತ್ತಾನಲ್ಲ, ಇಷ್ಟು ಸಿಕ್ಕರೆ ಸಾಕು ಎಂದು ಸಮಾಧಾನ ಮಾಡಿಕೊಂಡಳು. ಅವನು ಮೊದಲ ಸಲ ಕರೆದಾಗ ಹೇಗೆ ತಿರುಗಿ ನೋಡಬೇಕು ಎಂದೂ ಯೋಚಿಸಿದಳು. ಹೇಳಿದರೆ ನಗುತ್ತೀರಿ, ಅವಳಿಗೆ ಹೊಸ ಮದುಮಗಳ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಆದರೆ ಮಾಲತೇಶಪ್ಪನಿಗೆ ನಾಲಿಗೆ ಹೊರಳಲಿಲ್ಲ. ಹೊಸ ಹೆಸರು ಬಾಯಿಗೆ ಬರದು, ಹಳೆಯದು ಆಡುವಂತಿಲ್ಲ. ಹೀಗಾಗಿ ಅವನು ಕರೆಯುವುದನ್ನೇ ಬಿಟ್ಟ. ಚಾ ಬೇಕಾದರೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವನು. "ಏ, ಕೇಳ್ತಾ" ಎನ್ನುವನು. ಬಾಗಿಲಿಗೆ ಬಂದು ಕೆಮ್ಮುವನು. ಬೀದಿಯ ಹೆಂಗಸರೂ ಗೊಂದಲಕ್ಕೆ ಬಿದ್ದು ರವಿಯವ್ವ, ಗಿರಣಿಯಮ್ಮ ಅಂದರು. ಸಹನಾ ಅತ್ತೆ ಅಂದಳು. ಆ ವಾರಗಳಲ್ಲಿ ಅವಳನ್ನು ಯಾವ ಹೆಸರಿನಿಂದಲೂ ಯಾರೂ ಕರೆಯಲಿಲ್ಲ. ಮನೆ ತುಂಬ ಜನ ಇದ್ದರು. ಹಾಗಿದ್ದೂ ಅವಳಿಗೆ ಬರಿದೋ ಬರಿದು ಅನ್ನಿಸುತ್ತಿತ್ತು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಮಾತ್ರ ಸ್ವಲ್ಪ ಹಗುರಾಗುತ್ತಿತ್ತು. ಅದಕ್ಕೂ ಇನ್ನೂ ಹೆಸರಿರಲಿಲ್ಲ.

ತೊಟ್ಟಿ­ಲ ಕಾರ್ಯದ ದಿನ ಮನೆ ಗಿಜಿಗಿಜಿ ಅಂದಿತು. ಹದಡಿಯ ವಾಮದೇವಪ್ಪನೂ ಬಂದು, ಬದುಕಿದ್ದವಳನ್ನು ನೋಡಿ ಕೈಮುಗಿದು, ನಿಮ್ಮ ಆಯುಷ್ಯ ಗಟ್ಟಿಯಾತು ಬಿಡ್ರಿ ಎಂದ. ಸಹನಾಳ ತವರಿನವರು ಬೆಳ್ಳಿ ಉಡುದಾರ, ಬಟ್ಟೆ ತಂದಿದ್ದರು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿ ಹೂವು ಸುತ್ತಿದ್ದರು. ಗುಗ್ಗರಿ ಬೇಯುತ್ತಿತ್ತು. ಹೋಳಿಗೆಯ ಹೊಣೆ ಬೇರೆ ಯಾರಿಗೂ ಒಪ್ಪಿಸಲು ಮನಸ್ಸಾಗದೆ ಮೀನಾಕ್ಷಮ್ಮ ಅಡುಗೆಮನೆಯಲ್ಲೇ ಕೂತಿದ್ದಳು. ಕೈ ತುಂಬ ಕಣಕ.

ನಡುಮನೆಯಲ್ಲಿ ಹೆಂಗಸರು ತೊಟ್ಟಿಲ ಸುತ್ತ ನೆರೆದರು. ರೇವತಿ ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟಳು. ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದತೊಡಗಿದರು. "ಮೆಲ್ಲಕೆ ಗುದ್ರವ್ವ" ಎನ್ನುತ್ತಾ ಅವಳು ಮೂರು ಸಲ ಹೆಸರು ಹೇಳಿ ಎದ್ದಳು. ಏನಂತ ಹೆಸರು, ಗಟ್ಟಿಯಾಗಿ ಕರೀರಿ ಎಂದು ಯಾರೋ ಅಂದರು. ನೆರೆದಿದ್ದವರೆಲ್ಲ ಒಂದೇ ದನಿಯಲ್ಲಿ ಕರೆದರು.

"ಮೀನಾಕ್ಷೀ..."

"ಓ, ಬಂದೇ" ಎಂದಿತು ಅಡುಗೆಮನೆ.

ಇಡೀ ಮನೆ ಗೊಳ್ಳೆಂದಿತು. ಸಹನಾ ನಕ್ಕಳು, ವಾಮದೇವಪ್ಪ ನಕ್ಕ, ತೊಟ್ಟಿಲ ಹಗ್ಗ ಹಿಡಿದವಳು ನಗುತ್ತಾ ಕೂತೇಬಿಟ್ಟಳು. ಅವಳು ಕಣಕದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೂ ನಗು ಬಂತು, ಎಲ್ಲರಿಗಿಂತ ಹೆಚ್ಚು ನಕ್ಕಳು. ನಗುತ್ತಾ ನಿಂತಿದ್ದಂತೆಯೇ ಮುಖ ಸಪ್ಪಗಾಯಿತು. ಇನ್ನು ಮೇಲೆ ಆ ಹೆಸರಿಗೆ ಓ ಅನ್ನಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ಆರತಿ ಎತ್ತುವ ಹೊತ್ತಾಯಿತು. ಅಜ್ಜಿಯೇ ಮೊದಲು ಎತ್ತಬೇಕು ಎಂದರು. ಹೊರಗೆ ಗಂಡಸರ ನಡುವೆ ಕೂತಿದ್ದ ಮಾಲತೇಶಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ಮಗ ಅವನಿಗೆ ಕಣ್ಣಲ್ಲೇ ಏನೋ ಹೇಳಿದ. ಮಾಲತೇಶಪ್ಪ ಗಂಟಲು ಸರಿ ಮಾಡಿಕೊಂಡ, ಬಾಗಿಲ ಹತ್ತಿರ ಬಂದ, ಎಲ್ಲರಿಗೂ ಕೇಳುವಂತೆ, ಸ್ಪಷ್ಟವಾಗಿ ಕರೆದ.

"ಉಡಚಮ್ಮ, ಬಾ, ಆರತಿ ಎತ್ತು."

ಯಾರೂ ಕದಲಲಿಲ್ಲ. ಅವನು ಇನ್ನೊಂದು ಸಲ, ಇನ್ನೂ ಜೋರಾಗಿ ಕರೆದ.

ಅವಳು ಕೈಯಲ್ಲಿದ್ದ ಕಣಕವನ್ನು ಬೆರಳಿನಿಂದ ಬಿಡಿಸಿಕೊಳ್ಳುತ್ತಾ, ಕರೆಸಿಕೊಂಡವಳು ಯಾರೋ, ಎಲ್ಲಿಂದ ಬರುತ್ತಾಳೋ ಎಂದು ಎಲ್ಲರ ಜೊತೆ ತಾನೂ ತಿರುಗಿ ಬೀದಿ ಬಾಗಿಲ ಕಡೆ ನೋಡಿದಳು.